ಅಪ್ಪನ ಶೋಕೇಸು, ಅವ್ವನ ಮಣೆ

ನಮ್ಮ ಮನೆಗಳಲ್ಲಿ ಯಾವ ಶೆಲ್ಫನ್ನೂ ನೆಮ್ಮದಿಯಾಗಿ ಮುಪ್ಪಾಗಲು ಬಿಡುವುದಿಲ್ಲ. ಹಾಲ್‌ನಲ್ಲಿ ಹಳತಾದರೆ ರೂಮಿಗೆ, ರೂಮಿನಲ್ಲಿ ಹಳತಾದರೆ ಪ್ಯಾಸೇಜಿಗೆ, ಅಲ್ಲೂ ಅಡ್ಡ ಬಂದರೆ ಕಾರ್ ಶೆಡ್ಡಿಗೆ. ಶೆಡ್ಡಿಗೆ ಬಂದ ದಿನವೇ ಅದರ ಮೇಲೆ ಕಬ್ಬಿಣ ಏರುತ್ತದೆ. ಪುಸ್ತಕ ಹೊತ್ತಿದ್ದ ಹಲಗೆ ಬ್ಯಾಟರಿ ಹೊರುತ್ತದೆ. ಲೋಟ ಹೊತ್ತಿದ್ದ ಹಲಗೆ ಮೋಟಾರು ಹೊರುತ್ತದೆ. ನಿನ್ನ ಕೈಲಾಗುತ್ತಾ ಎಂದು ಆ ಹಲಗೆಯನ್ನು ಯಾರೂ ಕೇಳುವುದಿಲ್ಲ. ಕೇಳಿದವರ ಬಾಯನ್ನು ಎರಡೇ ಮಾತಿನಲ್ಲಿ ಮುಚ್ಚಿಸುತ್ತೇವೆ: ‘ನಡೀತದೆ ಬಿಡಿ.’

ಮಹಾಲಕ್ಷ್ಮಿ ಲೇಔಟಿನ ಗಿರಿರಾಜನ ಶೆಡ್ಡಿನಲ್ಲೂ ಹಾಗೇ ನಡೆಯುತ್ತಿತ್ತು.

ಆ ಶೆಡ್ಡು ಕಟ್ಟಿಸಿದ್ದು ಅವನ ಅಪ್ಪ ರಾಚಪ್ಪ. ದಾವಣಗೆರೆ ಕಡೆಯಿಂದ ಬಂದು ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಟೂಲ್‌ರೂಮ್ ಕೆಲಸ ಹಿಡಿದವರು. ಮನೆ ಕಟ್ಟಿಸುವಾಗ, “ಒಂದಲ್ಲ ಒಂದು ದಿನ ಕಾರು ತಗೊಂಡೇ ತಗೋತೀನಿ” ಎಂದು ಪಕ್ಕದಲ್ಲಿ ಶೆಡ್ಡನ್ನೂ ಎಬ್ಬಿಸಿದ್ದರು. ಕಾರು ಬರಲಿಲ್ಲ. ಸ್ಕೂಟರು ಬಂತು. ಸ್ಕೂಟರಿಗೆ ಅಷ್ಟು ಜಾಗ ಯಾಕೆ ಎಂದು ಒಂದು ಮೂಲೆಯಲ್ಲಿ ಬೆಂಚು ಬಂತು, ಬೆಂಚಿನ ಮೇಲೆ ಕಬ್ಬಿಣ ಕಚ್ಚಿ ಹಿಡಿಯುವ ವೈಸ್ ಬಂತು. ಸಂಜೆ ಕಾರ್ಖಾನೆಯಿಂದ ಬಂದವರು ಅಂಗಿ ಬಿಚ್ಚಿ ಮೊಳೆಗೆ ಹಾಕಿ ಅಲ್ಲೇ ಏನಾದರೂ ಉಜ್ಜುತ್ತ ಕೂರುತ್ತಿದ್ದರು. ಅರ ಉಜ್ಜುವ ಸದ್ದು ಕೇಳಿಸಿದರೆ ರಸ್ತೆಯವರಿಗೆ ರಾಚಪ್ಪ ಮನೆಗೆ ಬಂದರು ಎಂದು ಗೊತ್ತಾಗುತ್ತಿತ್ತು.

ಗಿರಿ ಒಂಬತ್ತನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಆ ಬೆಂಚಿನ ಪಕ್ಕ ಬಂದು ನಿಂತವನು. ಈಗ ಅಪ್ಪ ಇಲ್ಲ. ಬೆಂಚಿದೆ, ವೈಸ್ ಇದೆ, ಗಿರಿಯ ಮೋಟಾರ್ ವೈಂಡಿಂಗ್ ಕೆಲಸವಿದೆ. ಸುಟ್ಟುಹೋದ ಬೋರ್‌ವೆಲ್ ಮೋಟಾರು, ನೀರೆತ್ತದ ಸಂಪಿನ ಪಂಪು, ತಿರುಗದ ಫ್ಯಾನು, ಎಲ್ಲ ಅಲ್ಲಿಗೇ ಬರುತ್ತವೆ. ಕೈ ಒಳ್ಳೆಯದು. ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ. ವೈರಿನ ಸಿಕ್ಕು ಬಿಡಿಸುವಾಗ ಇರುವ ತಾಳ್ಮೆ ಮನುಷ್ಯರ ಜೊತೆ ಮಾತಾಡುವಾಗ ಇರುವುದಿಲ್ಲ.

ಹೋದ ವರ್ಷ ಅವರ ಮನೆಗೆ ಗೋಡೆಗೆ ತಗುಲಿಹಾಕುವ ಟಿವಿ ಬಂತು. ಹಾಲ್‌ನಲ್ಲಿದ್ದ ಶೋಕೇಸು ಬೇಡವಾಯಿತು. ಗುಜರಿಗೆ ಕೊಡಲು ಗಿರಿಗೆ ಮನಸ್ಸು ಬರಲಿಲ್ಲ. ಹೇಗೆ ಬರಬೇಕು? ಅದು ಅಪ್ಪ ರಜಾ ಹಾಕಿ, ಬಡಗಿಯ ಪಕ್ಕ ಕೂತು, ಹಲಗೆಗೆ ಹಲಗೆ ಸೇರಿಸಿ ಮಾಡಿಸಿದ್ದು. ಆಳೆತ್ತರಕ್ಕಿಂತ ಎತ್ತರ. ತೇಗದ ಚೌಕಟ್ಟು, ಪ್ಲೈವುಡ್ ಹಲಗೆ, ಸರಿಸುವ ಗಾಜಿನ ಬಾಗಿಲು. ಪಾಲಿಶಿನ ವಾಸನೆ ಒಂದು ಯುಗಾದಿಯಿಂದ ಇನ್ನೊಂದು ಯುಗಾದಿಯವರೆಗೂ ಹೋಗಿರಲಿಲ್ಲ.

ಗಿರಿ ಅದನ್ನು ಶೆಡ್ಡಿಗೆ ಎಳೆದು ತಂದು ಗೋಡೆಗೆ ಒರಗಿಸಿದ. ಆಮೇಲೆ ತುಂಬಿಸಿದ. ಮೊದಲು ಸ್ಕ್ರೂ ಡಬ್ಬ, ಆಮೇಲೆ ತಾಮ್ರದ ವೈರಿನ ಉಂಡೆ, ಆಮೇಲೆ ಫ್ಯಾನು, ಆಮೇಲೆ ಮೋಟಾರು. ಮೋಟಾರು ಎಂದರೆ ಒಂದೊಂದೂ ಅಕ್ಕಿ ಮೂಟೆಯ ಭಾರ. ಶೋಕೇಸಿನ ಮುಂದೆಯೇ, ಒಂದು ಬದಿಗೆ, ಅವನ ತಾಯಿ ಜಗದಾಂಬಾ ದಿನಾ ಮಧ್ಯಾಹ್ನ ಮಣೆ ಹಾಕಿಕೊಂಡು ಕೂರುತ್ತಿದ್ದರು. ಶೋಕೇಸು ಬರುವ ಮೊದಲೂ ಅವರ ಜಾಗ ಅದೇ. ಗಂಡ ಅರ ಉಜ್ಜುವಾಗಲೂ ಅಲ್ಲೇ ಕೂತು ಸೊಪ್ಪು ಬಿಡಿಸಿದವರು. ಜಾಗದಲ್ಲಿ ತಪ್ಪಿರಲಿಲ್ಲ. ಜಾಗದ ತಲೆಯ ಮೇಲೆ ಈಗ ಕಬ್ಬಿಣ ಬಂದಿತ್ತು, ಅಷ್ಟೇ.

ಮಹಾನವಮಿಗೆ ಇನ್ನೂ ಕೆಲವು ವಾರವಿದ್ದಾಗ ಎದುರು ಮನೆಯ ಜಲಜಾ ಕೆಟ್ಟ ಮಿಕ್ಸಿ ಹಿಡಿದು ಬಂದಳು. ಗಿರಿಯ ಜೊತೆಯಲ್ಲೇ ಆಡಿ ಬೆಳೆದವಳು. ಮಾಗಡಿ ರಸ್ತೆಯ ಕಡೆ ಒಂದು ಔಷಧಿ ಗೋಡೌನಿನಲ್ಲಿ ಸೂಪರ್‌ವೈಸರ್. ಅಲ್ಲಿನ ರ್‍ಯಾಕುಗಳೆಲ್ಲ ಅವಳ ಜವಾಬ್ದಾರಿ. ಎಲ್ಲಿಗೆ ಹೋದರೂ ಜನ ಮನುಷ್ಯರ ಮುಖ ನೋಡಿದರೆ ಅವಳು ಗೋಡೆಯ ಶೆಲ್ಫು ನೋಡುತ್ತಾಳೆ.

“ಗಿರಿ, ಈ ಗ್ಲಾಸ್ ಬಾಗ್ಲು ಯಾಕೋ ಸರೀತಾ ಇಲ್ಲ?”

“ಮಳೆಗಾಲ ಅಲ್ವಾ. ಮರ ಊದ್ಕೊಂಡಿದೆ.”

“ಬೇಸಿಗೇಲಿ ಫ್ಯಾನ್ ತಂದಾಗ್ಲೂ ಹಿಂಗೇ ಸಿಕ್ಕಾಕೊಂಡಿತ್ತು.”

“ನೀನು ಮಿಕ್ಸಿ ರಿಪೇರಿಗೆ ಬಂದ್ಯೋ, ಶೋಕೇಸ್ ರಿಪೇರಿಗೆ ಬಂದ್ಯೋ?”

ಜಲಜಾ ಮಿಕ್ಸಿ ಕೆಳಗಿಟ್ಟು ಶೋಕೇಸಿನ ಹತ್ತಿರ ಬಂದಳು. ಜಗದಾಂಬಾ ಅವರ ಪಕ್ಕದಲ್ಲಿದ್ದ ಹೂವಿನ ದಾರ ತೆಗೆದುಕೊಂಡಳು. ಮಧ್ಯದ ಹಲಗೆಯ ಅಂಚಿಗೆ ಈ ಕೊನೆಯಿಂದ ಆ ಕೊನೆಗೆ ದಾರವನ್ನು ಬಿಗಿಯಾಗಿ ಎಳೆದು ಹಿಡಿದಳು. ಎರಡು ಕೊನೆಯಲ್ಲಿ ದಾರ ಹಲಗೆಗೆ ಅಂಟಿತ್ತು. ನಡುವೆ ಹಲಗೆ ಒಂದು ಬೆರಳು ಕೆಳಗಿತ್ತು.

“ನೋಡು. ಇದು ಮಳೆ ಅಲ್ಲ, ಮೋಟ್ರು. ಹಲಗೆ ಬಾಗಿ ಚೌಕಟ್ಟು ಸೊಟ್ಟ ಆಗಿದೆ. ಅದಕ್ಕೇ ಗಾಜು ಸರೀತಿಲ್ಲ.”

ಪಕ್ಕದ ಮನೆಯ ಅಂಜಿನಯ್ಯ ತನ್ನ ಬೋರ್‌ವೆಲ್ ಮೋಟಾರಿನ ರಿಪೇರಿ ಎಲ್ಲಿಗೆ ಬಂತು ಎಂದು ವಿಚಾರಿಸಲು ಬಂದು ಸ್ಟೂಲಿನ ಮೇಲೆ ಕೂತಿದ್ದ. ಈ ಲೇಔಟು ಇನ್ನೂ ಹೊಲವಾಗಿದ್ದ ಕಾಲದ ಮನೆತನ ಅವನದು. ಎಲೆ ಅಡಿಕೆ ಅಗಿಯುತ್ತಾ ನಕ್ಕ.

“ಅಯ್ಯೋ ಬುಡವ್ವ, ಮರ ಅಂದ್ಮೇಲೆ ಬಾಗ್ತದೆ. ನಾನ್ ಬಾಗಿಲ್ವಾ ವಯಸ್ಸಾಗಿ?”

“ನಿಮ್ಮ ತಲೆ ಮೇಲೆ ಯಾರೂ ಮೋಟ್ರು ಪೇರ್ಸಿಲ್ಲ ಅಂಜಿನಯ್ಯನೋರೇ.”

“ನಮ್ಮನೇವ್ಳು ಅದಕ್ಕಿಂತ ಜಾಸ್ತೀನೇ ಪೇರ್ಸವ್ಳೆ.”

ಜಗದಾಂಬಾ ಸೊಪ್ಪು ಬಿಡಿಸುತ್ತಲೇ ನಕ್ಕರು. ಗಿರಿಗೆ ನಗು ಬರಲಿಲ್ಲ. ಯಾರಾದರೂ ಆ ಶೋಕೇಸಿನ ಬಗ್ಗೆ ಒಂದು ಮಾತಾಡಿದರೆ ಅಪ್ಪನ ಬಗ್ಗೆ ಮಾತಾಡಿದ ಹಾಗೇ ಅವನಿಗೆ.

“ಇದು ಅಪ್ಪ ಮಾಡ್ಸಿದ್ದು ಜಲ್ಜಾ. ಈಗಿನ ಅಂಗಡಿ ಮಾಲಲ್ಲ. ಇಷ್ಟು ವರ್ಷ ಏನಾಗಿದೆ ಅದಕ್ಕೆ?”

“ಇಷ್ಟು ವರ್ಷ ಅದ್ರಲ್ಲಿ ಏನಿತ್ತು, ಅದು ಹೇಳು.”

ಜಲಜಾಳೇ ಹೇಳಿದಳು.

“ಮೇಲಿನ ಹಲಗೇಲಿ ಹಸಿರು ಪ್ಲಾಸ್ಟಿಕ್ ಗಿಣಿ ಎರಡು. ಒಂದಕ್ಕೆ ಮೂಗಿರ್ಲಿಲ್ಲ, ನೀನೇ ಕಚ್ಚಿದ್ದು. ಅದರ ಕೆಳಗೆ ಅವ್ವನ ಟೀ ಸೆಟ್ಟು. ಒಂದು ದಿನಾನೂ ಅದ್ರಲ್ಲಿ ಯಾರಿಗೂ ಟೀ ಕೊಡ್ಲಿಲ್ಲ. ಚನ್ನಪಟ್ಟಣದ ಕುದುರೆ. ನಿನಗೆ ಗೋಣಿಚೀಲದ ಓಟದಲ್ಲಿ ಬಂದ ಪ್ರೈಜ್ ಕಪ್ಪು. ನಡುವೆ ಟಿವಿ. ಭಾನುವಾರ ಸಂಜೆ ಈ ರಸ್ತೆ ಮಕ್ಕಳೆಲ್ಲ ನಿಮ್ಮ ಹಾಲ್‌ನಲ್ಲೇ ಇರ್ತಿದ್ವಲ್ಲೋ! ಚಪ್ಪಲಿ ಗುಡ್ಡೆ ಬಾಗ್ಲಾಚೆ. ನಾನು ಸಿನಿಮಾ ನೋಡೋದು ಬಿಟ್ಟು ಆ ಗಿಣೀನೇ ನೋಡ್ತಿದ್ದೆ.”

ಒಂದು ಕ್ಷಣ ಶೆಡ್ಡಿನಲ್ಲಿದ್ದವರಿಗೆಲ್ಲ ಆ ಹಾಲ್ ಕಣ್ಣಿಗೆ ಕಟ್ಟಿತು. ಕರೆಂಟು ಹೋದಾಗ ‘ಓ’ ಎಂದು ಒಟ್ಟಿಗೆ ಕೂಗುತ್ತಿದ್ದ ಮಕ್ಕಳು. ಬಾಗಿಲಲ್ಲಿ ನಿಂತು, “ಯಾರೂ ಶೋಕೇಸಿಗೆ ಒರಗಬ್ಯಾಡ್ರಪ್ಪ” ಎನ್ನುತ್ತಿದ್ದ ರಾಚಪ್ಪ.

“ಗೊಂಬೆ ಹೊತ್ತಿದ್ದು ಕಣೋ ಅದು,” ಜಲಜಾ ಮೆಲ್ಲಗೆ ಅಂದಳು. “ಮಕ್ಕಳು ಒರಗಿದ್ರೇ ನಿಮ್ಮಪ್ಪ ಬೈತಿದ್ರು. ಹಲಗೆ ನಿಂತಿರೋದು ಮೂಲೆಗೊಂದು ಪುಟ್ಟ ಪಿನ್ ಮೇಲೆ. ಗೋಡೆಗೆ ಒಂದು ಬೋಲ್ಟಿಲ್ಲ. ಭಾರ ಪೂರ್ತಿ ಮೇಲಿದೆ. ನಮ್ಮ ಗೋಡೌನಲ್ಲಿ ರ್‍ಯಾಕ್ ಹೀಗಿದ್ರೆ ನಾನು ಯಾರನ್ನೂ ಹತ್ರ ಬಿಡಲ್ಲ. ಒಂದೊಂದು ಹಲಗೆ ಎಷ್ಟು ಕೆಜಿ ಹೊರತ್ತೆ ಅಂತ ಬರೆದು ಅಂಟಿಸಿರ್ತೀವಿ. ಭಾರ ಕೆಳಗೆ, ಹಗುರ ಮೇಲೆ. ಅಷ್ಟೇ ವಿದ್ಯೆ.”

“ಕೆಳಗೆ ಎಲ್ಲಿಡ್ಲಿ? ನೆಲದ ಮೇಲಾ?” ಗಿರಿಯ ದನಿ ಏರಿತು. “ಅನ್ನ ಕೊಡೋ ಕಬ್ಬಿಣ ಇದು. ಕಾಲು ತಾಗಬಾರ್ದು. ಹಬ್ಬ ಬಂದ್ರೆ ಅಪ್ಪ ಸಾಮಾನೆಲ್ಲ ಮೇಲಕ್ಕೆತ್ತಿಟ್ಟೇ ನೆಲ ತೊಳೀತಿದ್ದದ್ದು. ನಾನು ಕಣ್ಣಾರೆ ನೋಡಿದೀನಿ.”

“ಸರಿ, ಅವ್ವನ್ನಾದ್ರೂ ಆ ಕಡೆ ಕೂರ್ಸು.”

“ಅವ್ವನ ಜಾಗ ಅದು! ನಿನ್ನ ಗೋಡೌನ್ ರೂಲ್ಸ್ ನಿನ್ನ ಗೋಡೌನಲ್ಲೇ ಇಟ್ಕೋ. ಮಿಕ್ಸಿ ಬಿಟ್ಟೋಗು, ಆದಾಗ ಹೇಳ್ತೀನಿ.”

“ನಂಗ ಇಲ್ಲೇ ತಂಪು ಬಿಡವ್ವ,” ಎಂದರು ಜಗದಾಂಬಾ, ಜಗಳ ನಿಲ್ಲಲಿ ಎಂದು.

ಜಲಜಾ ಮಿಕ್ಸಿ ಅಲ್ಲೇ ಬಿಟ್ಟು ಹೊರಟಳು. ಬಾಗಿಲಲ್ಲಿ ತಿರುಗಿ ಒಂದೇ ಮಾತು ಹೇಳಿದಳು: “ಅದು ಬಿದ್ರೆ ನಿನ್ನನ್ನ ಕೇಳಿ ಬೀಳಲ್ಲ ಗಿರಿ.”

“ಹಬ್ಬದ ಹತ್ರ ಒಳ್ಳೆ ಮಾತಾಡವ್ವ,” ಎಂದ ಅಂಜಿನಯ್ಯ. “ನಡೀತದೆ ಬುಡು.”

ಅವಳು ಹೋದಮೇಲೆ ಬೆಂಚಿನ ಮೇಲಿನ ರೇಡಿಯೋ ಒಂದೇ ಮೆಲ್ಲಗೆ ಹಾಡುತ್ತಿತ್ತು. ಪ್ಲೈವುಡ್ಡಿನೊಳಗೆ ಎಲ್ಲೋ ‘ಟಿಕ್’ ಎಂದಿತು. ಗಿರಿಗೆ ಅದು ಕೇಳಿಸಿತು. ರೇಡಿಯೋ ಜೋರು ಮಾಡಿದ.

ನೋಡಿ, ನಾವು ಮಾಡುವುದೇ ಹೀಗೆ. ಸದ್ದು ಕೇಳಿಸುತ್ತದೆ, ರೇಡಿಯೋ ಜೋರು ಮಾಡುತ್ತೇವೆ.

ಆಯುಧಪೂಜೆಯ ಹಿಂದಿನ ದಿನ ಬೆಳಗ್ಗೆಯೇ ಬೀದಿಯೆಲ್ಲ ನೀರು. ಸ್ಕೂಟರು, ಆಟೋ, ಕಾರು, ಎಲ್ಲಕ್ಕೂ ಸ್ನಾನ. ಮೂಲೆಯಲ್ಲಿ ಬೂದುಗುಂಬಳದ ರಾಶಿ, ಬಾಳೆಕಂದು, ಸೇವಂತಿಗೆ ಮಾರು. ಗಿರಿಗೆ ವರ್ಷವಿಡೀ ಇರುವ ಸಿಟ್ಟು ಆ ಒಂದು ದಿನ ಇಳಿದಿರುತ್ತದೆ. ಒದ್ದೆ ಸಿಮೆಂಟಿನ ವಾಸನೆ, ಹೂವಿನ ವಾಸನೆ, ಗ್ರೀಸಿನ ವಾಸನೆ ಸೇರಿದರೆ ಅದು ಅವನಿಗೆ ಅಪ್ಪನ ವಾಸನೆ.

ಅಪ್ಪ ಮಾಡುತ್ತಿದ್ದ ಹಾಗೇ ಮಾಡಬೇಕು. ನೆಲ ಬರಿದಾಗಬೇಕು, ತೊಳೆಯಬೇಕು, ರಂಗೋಲಿ ಬೀಳಬೇಕು. ಗಿರಿ ಪಂಚೆ ಎತ್ತಿ ಕಟ್ಟಿದ. ನೆಲದ ಮೇಲಿದ್ದ ಒಂದೊಂದನ್ನೂ ಶೋಕೇಸಿಗೆ ಏರಿಸುತ್ತ ಹೋದ. ಪಂಪುಗಳು ಹೋದವು. ಬೆಂಚಿನಿಂದ ಬಿಚ್ಚಿದ ವೈಸ್ ಹೋಯಿತು. ಅಪ್ಪನ ಅಡಿಗಲ್ಲು, ಅಂದರೆ ಕಬ್ಬಿಣವನ್ನು ಮೇಲಿಟ್ಟು ಬಡಿಯುವ ಉಕ್ಕಿನ ದಪ್ಪ ದಿಮ್ಮಿ, ಅದೂ ಮೇಲಿನ ಹಲಗೆಗೆ ಹೋಯಿತು. ಉಳಿದದ್ದು ಅಂಜಿನಯ್ಯನ ಬೋರ್‌ವೆಲ್ ಮೋಟಾರು ಒಂದೇ.

ಜಗದಾಂಬಾ ತಮ್ಮ ಜಾಗದಲ್ಲೇ ಮಣೆಯ ಮೇಲೆ ಕೂತು ಸೇವಂತಿಗೆ ಕಟ್ಟುತ್ತಿದ್ದರು. ಮಂಡಿನೋವು. ಒಮ್ಮೆ ಕೂತರೆ ಏಳಲು ಯಾರಾದರೂ ಕೈ ಕೊಡಬೇಕು.

“ಮಂಡಕ್ಕಿ ತಂದ್ಯೇನೋ?”

“ತಂದೀನಿ ಬಿಡವ್ವ, ಒಂದು ಮೂಟೆ ತಂದೀನಿ.”

“ಹೋದ ವರ್ಷ ಸಾಲಲಿಲ್ಲ. ಅಂಜಿನಯ್ಯ ಒಬ್ಬನೇ ಮೂರು ಸರ್ತಿ ಬಂದು ಇಸ್ಕೊಂಡ.”

ಬಾಗಿಲಲ್ಲಿ ಜಲಜಾ ಕಾಣಿಸಿದಳು. ಮಿಕ್ಸಿ ಒಯ್ಯಲು ಬಂದವಳು, ಕೈಯಲ್ಲಿ ಮಾವಿನ ಸೊಪ್ಪು. ಗಿರಿ ಅವಳನ್ನು ನೋಡಿಯೂ ನೋಡದವನಂತೆ ಮೋಟಾರನ್ನು ಎದೆಗವಚಿಕೊಂಡು ಎತ್ತಿದ. ಮೇಲಿನ ಹಲಗೆ ಎಟುಕಲಿಲ್ಲ. ಸ್ಟೂಲು ಹೊರಗೆ ತೊಳೆಯಲು ಇಟ್ಟಿತ್ತು. ತರಲು ಯಾರು ಹೋಗಬೇಕು? ಶೋಕೇಸಿನ ಕೆಳಗಿನ ಹಲಗೆಯ ಮೇಲೇ ಕಾಲಿಟ್ಟು ಮೆಟ್ಟಿಲಿನಂತೆ ಹತ್ತಿದ.

“ಗಿರಿ, ಇಳಿಯೋ!” ಎಂದಳು ಜಲಜಾ.

ಮೋಟಾರು ಮೇಲಿನ ಹಲಗೆಯ ಅಂಚಿಗೆ ಕೂತಿತು. ಕೂತದ್ದೇ ತಡ, ಗೋಡೆ ಹಿಂದಕ್ಕೆ ಸರಿದಂತಾಯಿತು. ಸರಿದದ್ದು ಗೋಡೆಯಲ್ಲ. ಶೋಕೇಸು ಇಡಿಯಾಗಿ ಮುಂದಕ್ಕೆ ವಾಲಿತ್ತು. ಗಿರಿ ಧುಮುಕಿ ಭುಜ ಕೊಟ್ಟು ನಿಂತ. ಮೇಲೆ ಒಂದು ಪಿನ್ ಕಿತ್ತುಬಂದು ಅವನ ಕಿವಿಯ ಪಕ್ಕದಲ್ಲಿ ಹಾರಿತು. ಹಲಗೆ ಒಂದು ಕಡೆ ಇಳಿಯಿತು. ಮೋಟಾರು ನಿಧಾನವಾಗಿ, ಜಾರುಬಂಡೆಯಲ್ಲಿ ಮಗು ಜಾರುವ ಹಾಗೆ, ಅವ್ವ ಕೂತ ಕಡೆಗೆ ಜಾರತೊಡಗಿತು.

“ಅವ್ವಾ ಏಳವ್ವಾ! ಏಳೇ!”

ಜಗದಾಂಬಾ ನೆಲಕ್ಕೆ ಕೈಯೂರಿದರು. ಮಂಡಿ ಏಳಲಿಲ್ಲ. ಮಗನ ಮುಖ ನೋಡಿದರು. ಅವನ ಎರಡೂ ಕೈ ಮರಕ್ಕೆ ಸಿಕ್ಕಿಕೊಂಡಿದ್ದವು. ಕೈ ಬಿಟ್ಟರೆ ಶೋಕೇಸು ಅವ್ವನ ಮೇಲೆ, ಬಿಡದಿದ್ದರೆ ಮೋಟಾರು ಅವ್ವನ ಮೇಲೆ. ಗಿರಿ ಹುಟ್ಟಿದಾಗಿನಿಂದ ಅಷ್ಟು ಅಸಹಾಯಕನಾಗಿ ನಿಂತವನಲ್ಲ.

ಮಾವಿನ ಸೊಪ್ಪು ಗಾಳಿಯಲ್ಲಿ ಚದುರಿತು. ಜಲಜಾ ಹಿಂದಿನಿಂದ ಬಂದು ಜಗದಾಂಬಾ ಅವರ ಎರಡೂ ತೋಳಿನಡಿ ಕೈ ಹಾಕಿ ಬಾಗಿಲ ಕಡೆಗೆ ಎಳೆದಳು. ಒದ್ದೆ ನೆಲ. ಸೀರೆ ಸಮೇತ ಸರ್ರನೆ ಜಾರಿ ಬಂದರು. ಮಣೆ ಅಲ್ಲೇ ಉಳಿಯಿತು.

ಮೋಟಾರು ಬಿತ್ತು.

“ಬಿಡೋ! ಬಿಟ್ಟು ಈಚೆ ಬಾ!” ಜಲಜಾ ಕಿರುಚಿದಳು. ಗಿರಿ ಪಕ್ಕಕ್ಕೆ ಹಾರಿದ. ಶೋಕೇಸು ಮುಂದಕ್ಕೆ ಬಂದು ಎದುರಿಗಿದ್ದ ಬೆಂಚಿಗೆ ಒರಗಿ ನಿಂತಿತು. ಗಾಜೆಲ್ಲ ಪುಡಿಯಾಗಿ ಸೇವಂತಿಗೆಯ ಮೇಲೆ ಬಿತ್ತು. ಕೊನೆಗೆ ಒಂದು ಸ್ಕ್ರೂ ಡಬ್ಬ ಉರುಳುತ್ತಾ ಬೀದಿಗೆ ಹೋಗಿ ಮೋರಿಯ ಹತ್ತಿರ ನಿಂತಿತು.

ಸದ್ದಿಗೆ ಅಂಜಿನಯ್ಯ ಓಡಿಬಂದ. “ಏನಾಯ್ತೋ? ನನ್ ಮೋಟ್ರು...” ಎಂದವನು ಮೋಟಾರಿನ ಕೆಳಗೆ ಬಗ್ಗಿ ನೋಡಿದ.

ಹಲಸಿನ ಮಣೆ ಎರಡು ಸೀಳಾಗಿತ್ತು. ನಡುವೆ, ಸರಿಯಾಗಿ ಕೂರುವ ಜಾಗದಲ್ಲಿ.

ಗಿರಿ ಆ ಎರಡು ತುಂಡನ್ನು ನೋಡುತ್ತ ನಿಂತ. ಎದೆಯಲ್ಲಿ ಸಿಟ್ಟು ಕುದಿಯುತ್ತಿತ್ತು, ಹಾಕಲು ಜಾಗವಿರಲಿಲ್ಲ. ಮರಕ್ಕೆ ಬೈಯಲೇ? ಪಿನ್ನಿಗೆ ಬೈಯಲೇ? ಅಪ್ಪನಿಗೆ ಬೈಯಲೇ? ಭುಜ ಕೆಂಪಾಗಿ ಊದಿತ್ತು. ಅದರ ನೋವೂ ಗೊತ್ತಾಗಲಿಲ್ಲ.

“ಅಪ್ಪ ಮೇಲೇ ಇಡ್ತಿದ್ದದ್ದು,” ಎಂದ, ಯಾರಿಗೆಂದಿಲ್ಲದೆ. “ನಾನು ನೋಡಿದೀನಿ. ಅಪ್ಪ ಮೇಲೇ ಇಡ್ತಿದ್ದ.”

ಬಾಗಿಲ ಬಳಿ ನೆಲದಲ್ಲೇ ಕೂತಿದ್ದ ಜಗದಾಂಬಾ ಸೆರಗಿನಿಂದ ಮುಖ ಒರೆಸಿಕೊಂಡರು.

“ಏನು ಇಡ್ತಿದ್ದ?”

“ಸಾಮಾನು.”

“ಯಾವ ಸಾಮಾನು? ಅಡಿಗಲ್ಲು ಮ್ಯಾಲಿಟ್ಟಿದ್ದು ಯಾವತ್ತು ನೋಡೀಯ ನೀನು?”

ಗಿರಿ ಅವ್ವನ ಕಡೆ ತಿರುಗಿದ.

“ಬಾಪೂಜಿ ನಗರದ ಬಾಡಿಗಿ ಮನ್ಯಾಗ ಇದ್ದಾಗ ಅದಕ್ಕ ಒಂದು ಬೇವಿನ ಕೊರಡು ತಂದಿದ್ದ ನಿಮ್ಮಪ್ಪ. ಮೈಸೂರು ರಸ್ತಿಯಿಂದ ಸೈಕಲ್ ಮ್ಯಾಲ ಕಟ್ಕೊಂಡು, ತಳ್ಕೊಂಡು ಬಂದ. ‘ಈ ಕೊರಡೇ ಅಡಿಗಲ್ಲು ಕೂರೋ ಮಣಿ ಕಣೇ’ ಅಂದ. ಹಬ್ಬ ಬಂದ್ರ ಆ ಕೊರಡಿಗೇ ವಿಭೂತಿ, ಆ ಕೊರಡಿಗೇ ಹೂವು. ಈ ಮನಿಗೆ ಬರೋವಾಗ ಅದು ಅಲ್ಲೇ ಉಳೀತು. ಭಾರದ್ದು ಒಂದೂ ಮೊಣಕಾಲು ದಾಟಿ ಮ್ಯಾಲ ಹೋಗ್ತಿರಲಿಲ್ಲ ಅವನ ಕೈಯಾಗ. ಕಾರ್ಖಾನ್ಯಾಗ ಬೀಳೋದು ಕಂಡಾವ ಅವ.”

“ಮತ್ತೆ ನಾನು ನೋಡಿದ್ದು? ಕಾಲ್ಬೆರಳ ಮೇಲೆ ನಿಂತು ಎರಡೂ ಕೈಯಲ್ಲಿ ಎತ್ತಿ...”

“ಅಳತಿ ಪೆಟ್ಟಿಗಿ. ಮೈಕ್ರೋಮೀಟ್ರು. ಒಳಗ ನೀಲಿ ಮಖಮಲ್ಲು. ನೀವು ಹುಡುಗ್ರು ಮುಟ್ಟಬಾರದು ಅಂತ ಮ್ಯಾಲ ಇಡ್ತಿದ್ದ. ನೀ ಸಣ್ಣಾವ. ಕೈ ಮ್ಯಾಲ ಹೋಗಿದ್ದು ನೋಡೀದಿ. ಕೈಯಾಗ ಏನಿತ್ತು ನೋಡಿಲ್ಲ.”

ಗಿರಿ ಬಾಗಿಲ ಬಳಿ ಬಂದು ಅವ್ವನ ಎದುರು ಕೂತ. ಅವನ ಕಣ್ಣ ಮುಂದೆ ಅಪ್ಪನ ಎತ್ತಿದ ಕೈಗಳು ಮತ್ತೆ ಬಂದವು. ಬನಿಯನ್ನಿನ ಹರಿದ ಕಂಕುಳು, ಕತ್ತಿನ ಮೇಲಿನ ವಿಭೂತಿ. ಈ ಸಲ ಕೈಯಲ್ಲಿ ಏನಿತ್ತೆಂಬುದೂ ಕಂಡಿತು. ಸಣ್ಣದು. ಹಗುರದ್ದು. ಒಂದು ಪೆಟ್ಟಿಗೆ.

ಜಲಜಾ ಅವನ ಪಕ್ಕ ಬಂದು ಕೂತಳು. ಗದರಲು ಬಂದವಳಿಗೆ ಗದರಲು ಮನಸ್ಸಾಗಲಿಲ್ಲ.

“ಬೀಳೋ ಶೆಲ್ಫನ್ನ ಹಿಡಿಯೋಕೆ ಹೋಗಬಾರ್ದು ಗಿರಿ. ಬಿಟ್ಟು ಓಡಬೇಕು. ಕೆಲಸಕ್ಕೆ ಸೇರಿದ ದಿನಾನೇ ಅದನ್ನ ಹೇಳ್ಕೊಡ್ತೀವಿ ನಾವು.”

“ಅವ್ವ ಇದ್ಲಲ್ಲೇ ಕೆಳಗೆ. ಹೆಂಗೆ ಬಿಡ್ಲಿ?”

“ಅದಕ್ಕೇ ಅವ್ವ ಅಲ್ಲಿ ಇರಬಾರ್ದಿತ್ತು.”

ಗಿರಿ ತಲೆಯಾಡಿಸಿದ. ಅವನ ಜನ್ಮದಲ್ಲಿ ಎದುರು ಮಾತಿಲ್ಲದೆ ತಲೆಯಾಡಿಸಿದ್ದು ಅದೇ ಮೊದಲು.

ಆಮೇಲೆ ಜಲಜಾ ಹೇಳಿದಂತೆ ಕೆಲಸ ನಡೆಯಿತು. ಮೊದಲು ಅವ್ವ ಹೊರಗೆ, ಬಾಗಿಲಾಚೆ ಹೊಂಗೆ ಮರದ ಕೆಳಗೆ ಕುರ್ಚಿಯಲ್ಲಿ. ಎಲ್ಲರ ಕಾಲಿಗೂ ಚಪ್ಪಲಿಯಲ್ಲ, ಶೂ. ಗಾಜು ಗುಡಿಸಿದರು. ವಾಲಿದ ಶೋಕೇಸಿಗೆ ಒಂದು ದಪ್ಪ ತೊಲೆ ಆನಿಸಿ ಬಿಗಿ ಮಾಡಿದರು. ಮೇಲಿನ ಹಲಗೆಯಿಂದ ಶುರು ಮಾಡಿ ಕೆಳಗೆ ಬಂದರು. ಕೆಳಗಿನದನ್ನು ಮೊದಲು ತೆಗೆದರೆ ತಲೆಭಾರವಾಗಿ ಮತ್ತೆ ಬೀಳುತ್ತದೆ. ಭಾರದ್ದನ್ನು ಇಬ್ಬರು ಹಿಡಿದರು. ಸೊಂಟ ಬಗ್ಗಿಸಲಿಲ್ಲ, ಮಂಡಿ ಬಗ್ಗಿಸಿದರು.

“ಇಳಿಸಿದ್ದಾಯ್ತು. ಈಗ ಎಲ್ಲಿಡೋದು?” ಗಿರಿ ಕೈಯಲ್ಲಿ ಅಡಿಗಲ್ಲು ಹಿಡಿದು ನಿಂತ. “ನೆಲಕ್ಕಂತೂ ಇಡಲ್ಲ. ಕಾಲು ತಾಗಬಾರ್ದು ಅನ್ನೋದು ಸುಳ್ಳಲ್ವಲ್ಲ?”

“ಸುಳ್ಳಲ್ಲ,” ಎಂದರು ಜಗದಾಂಬಾ ಹೊರಗಿನಿಂದ. “ಮನಿಗೆ ಬಂದ ಹಿರಿಯರನ್ನ ನೆಲಕ್ಕ ಕೂರಸ್ತೀವೇನು? ಅಟ್ಟದ ಮ್ಯಾಲ ಹತ್ತಸ್ತೀವೇನು? ಮಣಿ ಹಾಕ್ತೀವಿ.”

ಆ ರಸ್ತೆಯ ಯಾವ ಮನೆಯಲ್ಲಿ ಮಣೆ ಇಲ್ಲ? ಡೈನಿಂಗ್ ಟೇಬಲ್ ಬಂದ ಮೇಲೆ ಎಲ್ಲ ಅಟ್ಟ ಸೇರಿದ್ದವು. ಸಾಲಾಗಿ ಕೂತು ಉಂಡ ಮಣೆಗಳು, ಮದುಮಕ್ಕಳನ್ನು ಕೂರಿಸಿದ ಮಣೆಗಳು. ಜಲಜಾ ಮನೆಯಿಂದ ಎರಡು ಬಂದವು. ತೇಗದ್ದು, ಅಂಚಿಗೆ ಹಿತ್ತಾಳೆ ಪಟ್ಟಿ. ಗಿರಿಯ ಅಡಿಗೆಮನೆಯಿಂದ ಮೂರು. ಅಂಜಿನಯ್ಯ, “ನಮ್ಮಟ್ಟದಾಗೆ ಅವೆ ತತ್ತೀನಿ” ಎಂದು ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ. ಕೊನೆಗೆ ಬಂದಾಗ ಕೈಯಲ್ಲಿ ಮಣೆಯಿತ್ತು, ಮುಖದಲ್ಲಿ ರಕ್ತವಿರಲಿಲ್ಲ.

“ಜಲಜವ್ವ, ನಮ್ಮಟ್ಟ ಒಂದ್ಸಲ ನೋಡ್ತೀಯಾ? ಮೇಲೆ ಒರಳುಕಲ್ಲು ಐತೆ ಕಣವ್ವ. ಹಳೇ ಸಿಲಿಂಡ್ರು ಐತೆ. ಕೆಳಗಡೇನೇ ನನ್ ಮಂಚ.”

“ನಡೀತದೆ ಬಿಡಿ ಅಂಜಿನಯ್ಯನೋರೇ,” ಎಂದಳು ಜಲಜಾ.

“ಆಡ್ಕೊಬ್ಯಾಡ ಕಣವ್ವ. ಬಾ ಬಿರ್‍ನೆ.”

ಮಾರನೆಯ ದಿನ ಗಿರಿಯ ಶೆಡ್ಡು ಹಿಂದೆಂದೂ ಕಾಣದ ಹಾಗೆ ಕಂಡಿತು. ಗೋಡೆಯುದ್ದಕ್ಕೂ ಮಣೆಗಳ ಸಾಲು. ಒಂದೊಂದರ ಮೇಲೂ ಒಂದೊಂದು ಭಾರದ ಸಾಮಾನು, ಪಂಕ್ತಿಗೆ ಕೂತವರಂತೆ. ಮೊದಲ ಮಣೆಯಲ್ಲಿ ಅಡಿಗಲ್ಲು, ಪಕ್ಕದಲ್ಲಿ ವೈಸ್, ಆಮೇಲೆ ಮೋಟಾರುಗಳು. ಎಲ್ಲಕ್ಕೂ ವಿಭೂತಿ, ಸೇವಂತಿಗೆ. ಕಾಲು ಯಾವುದಕ್ಕೂ ತಾಗುವಂತಿರಲಿಲ್ಲ. ಯಾವುದೂ ಬೀಳುವಂತೆಯೂ ಇರಲಿಲ್ಲ. ಬೀಳಲು ಜಾಗವೆಲ್ಲಿದೆ? ಅಪ್ಪನ ಅಳತೆ ಪೆಟ್ಟಿಗೆಯೊಂದು ಮಾತ್ರ ಮೇಲೆ, ಗೋಡೆಗೂಡಿನಲ್ಲಿ, ಬಸವಣ್ಣನ ಪಟದ ಪಕ್ಕದಲ್ಲಿತ್ತು.

“ಈಗ ಸರಿ ಐತಿ,” ಎಂದರು ಜಗದಾಂಬಾ. “ಈಗ ಅವನು ಬಂದು ನೋಡಿದ್ರೂ ಸರಿ ಐತಿ.”

ಹಬ್ಬ ಮುಗಿದ ಮೇಲೆ ಗಿರಿ ಕಬ್ಬಿಣದ ರ್‍ಯಾಕ್ ಕೊಳ್ಳಲು ಹೋದ. ಜಲಜಾಳೂ ಜೊತೆಗಿದ್ದಳು. ಅಂಗಡಿಯವನು ರ್‍ಯಾಕ್ ಬಡಿದು ತೋರಿಸಿದ. “ಎಷ್ಟು ಬೇಕಾದ್ರೂ ಇಡಿ ಸಾರ್, ಏನೂ ಆಗಲ್ಲ.”

“ಎಷ್ಟು ಬೇಕಾದ್ರೂ ಅಂದ್ರೆ ಎಷ್ಟು ಕೆಜಿ?”

“ಅಯ್ಯೋ, ಎಲ್ಲಾರೂ ತಗೊಂಡೋಗ್ತಾರೆ ಸಾರ್. ಯಾರೂ ಕೇಳಲ್ಲ.”

“ನಾನು ಕೇಳ್ತಿದೀನಲ್ಲ! ಒಂದು ಹಲಗೆಗೆ ಎಷ್ಟು ಕೆಜಿ? ಫೋನ್ ಮಾಡ್ರೀ ಮಾಡಿದೋರಿಗೆ. ಗೊತ್ತಾಗೋವರೆಗೂ ನಾನು ಇಲ್ಲಿಂದ ಕದಲಲ್ಲ.” ಗಿರಿ ಅಂಗಡಿಯ ಬಾಗಿಲಿಗೆ ಅಡ್ಡವಾಗಿ ಸ್ಟೂಲು ಎಳೆದು ಕೂತೇಬಿಟ್ಟ. ಅಂಗಡಿಯವನು ಫೋನ್ ಮಾಡಲೇಬೇಕಾಯಿತು. ಅಷ್ಟು ವರ್ಷದ ಸಿಟ್ಟು ಮೊದಲ ಸಲ ಒಂದು ಒಳ್ಳೆಯ ಕೆಲಸಕ್ಕೆ ಬಂತು ಎಂದು ಜಲಜಾ ಇವತ್ತಿಗೂ ಹೇಳಿ ನಗುತ್ತಾಳೆ.

ಈಗ ಆ ರ್‍ಯಾಕ್ ಸಮನಾದ ನೆಲದ ಮೇಲೆ ನಿಂತಿದೆ. ಹಿಂದೆ ಅಡ್ಡಪಟ್ಟಿ ಕೊಟ್ಟಿದೆ. ಬೋಲ್ಟು ಗಾರೆ ದಾಟಿ ಇಟ್ಟಿಗೆಯೊಳಗೆ ಇಳಿದಿದೆ. ಹಲಗೆಯ ಅಂಚಿನಲ್ಲಿ ಎಷ್ಟು ಕೆಜಿ ಎಂದು ಗಿರಿಯೇ ಕೆಂಪು ಬಣ್ಣದಲ್ಲಿ ಬರೆದಿದ್ದಾನೆ. ಪಕ್ಕದಲ್ಲೇ ಗಟ್ಟಿಯಾದ ಏಣಿ. ತೀರ ಭಾರದ್ದು ಇವತ್ತಿಗೂ ಕೆಳಗೆ, ಮಣೆಯ ಮೇಲೇ.

ಶೋಕೇಸನ್ನು ಗುಜರಿಗೆ ಕೊಡಲಿಲ್ಲ. ಬಾಗಿದ ಹಲಗೆ ಬದಲಾಯಿಸಿ, ಗಾಜು ಹಾಕಿಸಿ, ಮತ್ತೆ ಹಾಲ್‌ಗೆ ತಂದು ಗೋಡೆಗೆ ಬಿಗಿದರು. ಪೆಟ್ಟಿಗೆಯಲ್ಲಿ ಕೂತಿದ್ದ ಟೀ ಸೆಟ್ಟು ಹೊರಗೆ ಬಂತು. ಮೂಗಿಲ್ಲದ ಗಿಣಿ ತನ್ನ ಹಲಗೆಗೆ ಹೋಯಿತು. ಅದರ ಪಕ್ಕದಲ್ಲಿ ಜಗದಾಂಬಾ ಒಂದು ಹೊಸ ಸಾಮಾನು ಇಟ್ಟಿದ್ದಾರೆ: ಸೀಳಿದ ಮಣೆಯ ಒಂದು ತುಂಡು. ಬಂದವರು ಇದೇನು ಎಂದು ಕೇಳುತ್ತಾರೆ. “ಅದು ನನ್ನ ಬದಲಿಗೆ ಹೋದದ್ದು,” ಎನ್ನುತ್ತಾರೆ.

ಓದಿದ ಅಣ್ಣಂದಿರೇ, ಅಕ್ಕಂದಿರೇ, ಕಥೆ ಚೆನ್ನಾಗಿದೆ ಎಂದು ಮಡಚಿ ಇಡಬೇಡಿ. ನಿಮ್ಮ ಶೆಡ್ಡಿಗೆ ಹೋಗಿ. ಮೆಟ್ಟಿಲ ಕೆಳಗೆ, ಅಟ್ಟದ ಮೇಲೆ, ಅಂಗಡಿಯ ಹಿಂದೆ, ಎಲ್ಲಿ ಭಾರ ಇಟ್ಟಿದ್ದೀರೋ ಅಲ್ಲಿಗೆ ಹೋಗಿ. ಒಂದು ದಾರ ಹಿಡಿದು ನೋಡಿ, ಹಲಗೆ ಬಾಗಿದೆಯೇ? ಬಾಗಿಲು ಸಿಕ್ಕಿಕೊಳ್ಳುತ್ತಿದೆಯೇ? ಕೈಯಿಟ್ಟರೆ ಅಲುಗುತ್ತದೆಯೇ? ಬಟ್ಟೆಗೆ, ಪುಸ್ತಕಕ್ಕೆ ಮಾಡಿದ ಶೆಲ್ಫಿಗೆ ಬ್ಯಾಟರಿ, ಮೋಟಾರು, ಕಬ್ಬಿಣ ಹೊರಿಸಬೇಡಿ. ಭಾರ ಕೆಳಗಿರಲಿ, ಹಗುರ ಮೇಲಿರಲಿ. ಎತ್ತರದ ಶೆಲ್ಫನ್ನು ಗಟ್ಟಿ ಗೋಡೆಗೆ ಬೋಲ್ಟು ಹಾಕಿ ಬಿಗಿಸಿ. ಅದರ ಮೇಲೆ ಹತ್ತಬೇಡಿ, ಏಣಿ ತನ್ನಿ. ಕೊಳ್ಳುವಾಗ ಎಷ್ಟು ಕೆಜಿ ಎಂದು ಕೇಳಿ. ಹೇಳದಿದ್ದರೆ ಅಂಗಡಿಯಲ್ಲೇ ಕೂತುಬಿಡಿ. ನಾಚಿಕೆ ಪಡಬೇಕಾದವರು ನೀವಲ್ಲ.

ಇನ್ನು ‘ನಡೀತದೆ’ ಎಂದು ಬಾಯಿಗೆ ಬಂದರೆ ಒಂದು ಕ್ಷಣ ತಡೆಯಿರಿ. ಆ ಹಲಗೆಯ ಕೆಳಗೆ ನಿಮ್ಮ ಮನೆಯಲ್ಲಿ ದಿನಾ ಯಾರು ಕೂರುತ್ತಾರೆ?

ಹೋಗಿ, ಮೊದಲು ಅವರಿಗೆ ಕೈ ಕೊಟ್ಟು ಎಬ್ಬಿಸಿ. ಆಮೇಲೆ ಭಾರ ಇಳಿಸಿ.